ನೆರೆ ಬಂದ ದಿನದ ಒಂದು ಫೋಟೊ, ನೆರೆ ಇಳಿದ ಮೇಲಿನ ಹನ್ನೊಂದು ಫೋಟೊ: ಯಾವುದು ಸುದ್ದಿ?

ಮಲಪ್ರಭೆ ದಡ

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ಕಡೆಯವನು. ಹದಿನಾರು ವರ್ಷದಿಂದ ಪತ್ರಿಕೆಗಳಿಗೆ ಫೋಟೊ ಕಳಿಸುತ್ತಿದ್ದೇನೆ. ಕಾಯಂ ನೌಕರಿ ಅಲ್ಲ. ಅಚ್ಚಾದ ಫೋಟೊಗೆ ಇಷ್ಟು ಎಂದು ದುಡ್ಡು. ಬಹಳ ದಿನದಿಂದ ಕೊರೆಯುತ್ತಿರುವ ಒಂದು ವಿಷಯವನ್ನು ಇಲ್ಲಿ ಕೇಳಬೇಕು ಅನಿಸಿತು.

2019ರ ಆಗಸ್ಟ್ ನೆನಪಿದೆ ಅಲ್ವಾ? ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿದ್ದವು. ನಾನು ಹೋದ ಊರಿನ ಬೀದಿಯಲ್ಲಿ ಸೊಂಟಮಟ್ಟ ನೀರು. ಟ್ರ್ಯಾಕ್ಟರಿನಲ್ಲಿ ಜನರನ್ನು ಹೊರಗೆ ತರುತ್ತಿದ್ದರು. ಟ್ರೇಲರಿನ ಮೂಲೆಯಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಬಟ್ಟೆಗಂಟು ಇಲ್ಲ, ಪಾತ್ರೆ ಇಲ್ಲ. ಒಂದು ಗೋಡೆ ಗಡಿಯಾರವನ್ನು ಎದೆಗೆ ಅವಚಿಕೊಂಡಿದ್ದರು. ನಾಲ್ಕು ಸಲ ಕ್ಲಿಕ್ ಮಾಡಿದೆ. ಮೂರನೆಯದು ಚೆನ್ನಾಗಿ ಬಂತು.

ಮರುದಿನ ಅದು ಅಚ್ಚಾಯಿತು. ಸಂಜೆಯೊಳಗೆ ವಾಟ್ಸ್ಆ್ಯಪ್‌ನಲ್ಲಿ ಏಳೆಂಟು ಕಡೆಯಿಂದ ನನಗೇ ವಾಪಸ್ ಬಂತು. ನನ್ನ ಹೆಸರು ಹಾರಿಹೋಗಿತ್ತು. ಅದಕ್ಕೆ ಬೇಜಾರಿಲ್ಲ. ಆ ಚಿತ್ರ ನೋಡಿ ಹುಬ್ಬಳ್ಳಿಯಿಂದ ಒಬ್ಬರು ಚಾಪೆ, ಹೊದಿಕೆ ತುಂಬಿದ ಗಾಡಿಯನ್ನೇ ಕಳಿಸಿದರು. ಒಂದು ಫೋಟೊ ಇಷ್ಟು ಮಾಡಿತಲ್ಲ ಎಂದು ನಿಜಕ್ಕೂ ಖುಷಿಯಾಗಿತ್ತು.

ಡಿಸೆಂಬರಿನಲ್ಲಿ ಸುಮ್ನೆ ನೋಡಿಬರೋಣ ಎಂದು ಬೈಕ್ ಹತ್ತಿ ಹೋದೆ. ತಗಡಿನ ಶೆಡ್ಡಿನಲ್ಲಿ ಅಜ್ಜಿ ಸಿಕ್ಕರು. ಗಡಿಯಾರವನ್ನು ತಂತಿಯಿಂದ ತಗಡಿಗೆ ಕಟ್ಟಿದ್ದರು. ಅದು ನಿಂತುಹೋಗಿತ್ತು. ಯಾಕೆ ಅವತ್ತು ಇದೊಂದನ್ನೇ ತಂದಿರಿ ಎಂದು ಕೇಳಿದೆ. "ತಮ್ಮಾ, ಇದ ನನ್ನ ಮಗ ಗೋವಾಕ್ಕ ಹೋಗಿ ಮೊದಲನೇ ಪಗಾರದಾಗ ತಂದಿದ್ದು" ಅಂದರು. ಮಗ ಯಾಕೆ ಗೋವಾಕ್ಕೆ ಹೋದ? 2009ರ ನೆರೆಯಲ್ಲಿ ಇದೇ ಊರು ಮುಳುಗಿತ್ತು. ಮನೆ ಬಿದ್ದಿತ್ತು. ಸಾಲ ತೀರಿಸಲು ಕಟ್ಟಡ ಕೆಲಸಕ್ಕೆ ಹೋದವನು ಅಲ್ಲೇ ಉಳಿದ. ಅಂದರೆ ಈ ನೆರೆಯಲ್ಲಿ ಅಜ್ಜಿ ಉಳಿಸಿಕೊಂಡ ಗಡಿಯಾರ ಹಿಂದಿನ ನೆರೆಯಿಂದ ಬಂದದ್ದು.

ಅವತ್ತು ಸಂಜೆವರೆಗೆ ಅಲ್ಲೇ ಇದ್ದೆ. ಹನ್ನೊಂದು ಫೋಟೊ ಆಯ್ದು ಕಳಿಸಿದೆ. "ಚೆನ್ನಾಗಿವೆ, ಆದರೆ ಇದರಲ್ಲಿ ಸುದ್ದಿ ಏನು?" ಎಂದು ಉತ್ತರ ಬಂತು. ಒಂದೂ ಅಚ್ಚಾಗಲಿಲ್ಲ. ಆ ಉತ್ತರ ಕಳಿಸಿದವರ ಮೇಲೆ ನನಗೆ ಸಿಟ್ಟಿಲ್ಲ. ಪ್ರಶ್ನೆ ಮಾತ್ರ ಉಳಿದುಬಿಟ್ಟಿದೆ. ನೋಡಿದ ಕೂಡಲೇ ಎದೆಗೆ ನಾಟುವ ಒಂದು ಚಿತ್ರ ದೊಡ್ಡದೋ, ನಿಧಾನವಾಗಿ ಕಥೆ ಹೇಳುವ ಹತ್ತು ಚಿತ್ರ ದೊಡ್ಡದೋ? ಅನುಭವ ಇರುವವರು ಹೇಳಿ.

ಪುಟ ಕಟ್ಟುವವ

ಸರ್, ನಾನು ಪತ್ರಿಕೆಯ ಪುಟ ಕಟ್ಟುವ ಡೆಸ್ಕಿನಲ್ಲಿ ಇಪ್ಪತ್ತು ವರ್ಷ ಇದ್ದವನು. ಅಂಥ ಉತ್ತರವನ್ನು ನಾನೂ ಎಷ್ಟೋ ಜನಕ್ಕೆ ಕೊಟ್ಟಿದ್ದೇನೆ. ಅದು ಹೇಗೆ ಬರುತ್ತದೆ ಎಂದು ಹೇಳುತ್ತೇನೆ.

ರಾತ್ರಿ ಒಂಬತ್ತೂವರೆ. ಜಿಲ್ಲಾ ಪುಟ ಇನ್ನು ನಲವತ್ತು ನಿಮಿಷಕ್ಕೆ ಹೋಗಬೇಕು. ಆಗ ಅರ್ಧ ಪುಟದ ಜಾಹೀರಾತು ಬರುತ್ತದೆ. ನಾಲ್ಕು ಕಾಲಂ ಇಟ್ಟಿದ್ದ ಫೋಟೊ ಎರಡು ಕಾಲಮ್ಮಿಗೆ ಇಳಿಯುತ್ತದೆ. ಆ ಗಾತ್ರದಲ್ಲೂ ಮಾತಾಡುವ ಚಿತ್ರ ಬೇಕು. ನಮ್ಮ ಓದುಗ ಹೋಟೆಲಿನಲ್ಲಿ ಚಹಾ ಬರುವಷ್ಟರಲ್ಲಿ ಪುಟ ತಿರುವುತ್ತಾನೆ. ಅವನನ್ನು ನಿಲ್ಲಿಸಬೇಕು.

ಆದರೆ ಒಂದೇ ಚಿತ್ರ ಎಂದರೆ ಆಳ ಇಲ್ಲದ್ದು ಎಂದು ತಿಳಿಯಬೇಡಿ. 2004ರ ಸುನಾಮಿಯಲ್ಲಿ ತಮಿಳುನಾಡಿನ ಕಡಲೂರಿನಲ್ಲಿ ಅರ್ಕೊ ದತ್ತ ತೆಗೆದ ಫೋಟೊ ನೋಡಿದ್ದೀರಲ್ಲ. ಒಬ್ಬ ಹೆಂಗಸು ಮರಳಿನ ಮೇಲೆ ಬೋರಲಾಗಿ ಬಿದ್ದು ಅಳುತ್ತಿದ್ದಾರೆ. ಅಂಗೈ ಎರಡೂ ಆಕಾಶಕ್ಕೆ. ಚೌಕಟ್ಟಿನ ಅಂಚಿನಲ್ಲಿ ಸತ್ತವರ ಒಂದು ಕೈ ಮಾತ್ರ ಕಾಣುತ್ತದೆ. ಅಲೆ ಇಲ್ಲ, ಬಿದ್ದ ಮನೆ ಇಲ್ಲ. ಆ ವರ್ಷದ ವರ್ಲ್ಡ್ ಪ್ರೆಸ್ ಫೋಟೊ ಪ್ರಶಸ್ತಿ ಅದಕ್ಕೆ ಬಂತು. ಮೊದಲ ಸಲ ಹೆಂಗಸು ಕಾಣುತ್ತಾರೆ. ಎರಡನೇ ಸಲ ಆ ಕೈ ಕಾಣುತ್ತದೆ. ಆಮೇಲೆ ಪುಟ ತಿರುವಲು ಆಗುವುದಿಲ್ಲ. ಅದು ಒಂದು ಕಾದಂಬರಿಯಷ್ಟು ಹೇಳುತ್ತದೆ.

ನಿಮ್ಮ ಟ್ರೇಲರಿನ ಅಜ್ಜಿಯ ಚಿತ್ರವೂ ಅಂಥದ್ದೇ ಅನಿಸುತ್ತದೆ. ಗಡಿಯಾರ ಯಾಕೆ ಎಂಬ ಪ್ರಶ್ನೆ ಅದರೊಳಗೇ ಇದೆಯಲ್ಲ.

ಮಲಪ್ರಭೆ ದಡ

ಪ್ರಶ್ನೆ ಇದೆ ಸರ್. ಉತ್ತರ ಡಿಸೆಂಬರಿನ ಫೋಟೊದಲ್ಲಿತ್ತು. ಅದು ಯಾರಿಗೂ ತಲುಪಲಿಲ್ಲ. ನನ್ನ ಸಂಕಟ ಇಷ್ಟೇ.

ಡಾರ್ಕ್ ರೂಮ್ ದಿನಗಳು

ನನಗೆ ಈಗ ಅರವತ್ತೆಂಟು. ಫಿಲ್ಮ್ ತೊಳೆದು ಬೆರಳು ಹಳದಿಯಾದ ಕಾಲದವನು. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಓದುವ ತಾಳ್ಮೆ ಇರಲಿ.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಅನಿಲ ಸೋರಿತು. ಊರಿಗೆ ಊರೇ ಉಸಿರುಗಟ್ಟಿತು. ಅಲ್ಲಿಗೆ ಓಡಿದವರಲ್ಲಿ ಇಬ್ಬರು ರಘು ರಾಯ್ ಮತ್ತು ಪಾಬ್ಲೊ ಬಾರ್ಥಲೋಮ್ಯೂ. ಮಣ್ಣು ಮಾಡುತ್ತಿದ್ದ ಒಂದು ಮಗುವಿನ ಮುಖವನ್ನು ಇಬ್ಬರೂ ತೆಗೆದರು. ಅದೇ ಮಗು, ಅದೇ ಗುಂಡಿ. ಪಾಬ್ಲೊ ಅವರದ್ದು ಕಲರ್. ರಾಯ್ ಅವರದ್ದು ಕಪ್ಪು ಬಿಳುಪು. ಪಾಬ್ಲೊ ಅವರ ಚಿತ್ರಕ್ಕೆ ಆ ವರ್ಷದ ವರ್ಲ್ಡ್ ಪ್ರೆಸ್ ಫೋಟೊ ಬಂತು. ನಮ್ಮ ದೇಶದ ಜನರ ಮನಸ್ಸಿನಲ್ಲಿ ಜಾಸ್ತಿ ನಿಂತದ್ದು ರಾಯ್ ಅವರದ್ದು ಎಂದು ನನ್ನ ಅನಿಸಿಕೆ.

ಎರಡನ್ನೂ ನಾನು ಎಷ್ಟೋ ಸಲ ಅಕ್ಕಪಕ್ಕ ಇಟ್ಟು ನೋಡಿದ್ದೇನೆ. ಕಲರ್ ಚಿತ್ರದಲ್ಲಿ ಮಗುವಿನ ಕಣ್ಣು ನಮ್ಮನ್ನು ಹಿಡಿದುಬಿಡುತ್ತದೆ. ಅನಿಲ ಆ ಕಣ್ಣಿಗೆ ಏನು ಮಾಡಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ಉಸಿರು ನಿಲ್ಲುತ್ತದೆ. ಕಪ್ಪು ಬಿಳುಪಿನಲ್ಲಿ ಮಗುವಿನ ಹಣೆಯ ಹತ್ತಿರ ದೊಡ್ಡವರ ಒಂದು ಕೈ ಇದೆ. ಮಣ್ಣು ಸರಿಸುತ್ತಿರುವ ಹಾಗೆ, ಇನ್ನೊಂದು ಸಲ ಮುಖ ನೋಡುವ ಹಾಗೆ. ಆ ಕೈಯಿಂದ ಚಿತ್ರಕ್ಕೆ ಕಾಲ ಬಂತು. ಹಿಂದೆ ಏನಾಯಿತು, ಮುಂದೆ ಏನಾಗುತ್ತದೆ ಎರಡೂ ಇವೆ. ಮಗುವಿಗೆ ಒಂದು ಮನೆ ಇತ್ತು, ಅಪ್ಪ ಅಮ್ಮ ಇದ್ದರು ಅನಿಸುತ್ತದೆ. ಮೊದಲನೆಯದು ಸಾವನ್ನು ತೋರಿಸುತ್ತದೆ. ಎರಡನೆಯದು ಆ ಸಾವು ಯಾರ ಮನೆಯದು ಎಂದು ಯೋಚಿಸುವಂತೆ ಮಾಡುತ್ತದೆ.

ಇದರಲ್ಲಿ ಒಂದನ್ನು ಮೇಲೆ, ಒಂದನ್ನು ಕೆಳಗೆ ಇಡಲು ನನ್ನಿಂದ ಆಗಿಲ್ಲ. ಜಗತ್ತು ಭೋಪಾಲದ ಕಡೆ ತಿರುಗಿದ್ದೇ ಆ ಮುಖದಿಂದ.

ಆದರೆ ಆ ಮಗುವಿಗೆ ಇವತ್ತಿಗೂ ಹೆಸರಿಲ್ಲ. ಚಿತ್ರದ ಹೆಸರೇ "ಗುರುತಿಲ್ಲದ ಮಗು". ಜಗತ್ತೆಲ್ಲ ನೋಡಿದ ಮುಖ, ಯಾರ ಮಗು ಎಂದು ಯಾರಿಗೂ ತಿಳಿಯದು. ಮುಂದೆ ರಾಯ್ ಗ್ರೀನ್‌ಪೀಸ್ ಸಂಸ್ಥೆಗಾಗಿ ಮತ್ತೆ ಭೋಪಾಲಕ್ಕೆ ಹೋದರು. ಬದುಕಿ ಉಳಿದವರನ್ನು, ಕಾಯಿಲೆಗಳನ್ನು, ತುಕ್ಕು ಹಿಡಿದ ಕಾರ್ಖಾನೆಯನ್ನು ತೆಗೆದರು. ಆ ಚಿತ್ರಗಳಲ್ಲಿ ನಿಮಗೆ ಎಷ್ಟು ನೆನಪಿವೆ? ನನಗೂ ಕಷ್ಟಪಟ್ಟು ಎರಡು ಮೂರು ನೆನಪಾಗುತ್ತವೆ. ಭೋಪಾಲದ ನಿಜವಾದ ಕಥೆ ಇರುವುದು ಅಲ್ಲೇ. 1989ರಲ್ಲಿ ಸರ್ಕಾರ ಮತ್ತು ಕಂಪನಿ ನಡುವೆ 47 ಕೋಟಿ ಡಾಲರಿಗೆ ರಾಜಿ ಆಯಿತು. ಕಾರ್ಖಾನೆಯ ಆವರಣದಲ್ಲಿ ವಿಷದ ಕಸ ಹಾಗೇ ಉಳಿಯಿತು. 337 ಟನ್ ಕಸವನ್ನು ಇಂದೋರ್ ಹತ್ತಿರದ ಪೀಥಂಪುರಕ್ಕೆ ಸಾಗಿಸಿದ್ದು 2025ರ ಜನವರಿಯಲ್ಲಿ. ನಲವತ್ತು ವರ್ಷ! ನಲವತ್ತು ವರ್ಷ ಒಂದು ಕಸ ಸುಮ್ಮನೆ ಬಿದ್ದಿರುವುದನ್ನು ಒಂದು ಫೋಟೊದಲ್ಲಿ ಹೇಗೆ ತೋರಿಸುತ್ತೀರಿ?

ತಮ್ಮಾ, ನೀನು ಡಿಸೆಂಬರಿನಲ್ಲಿ ಬೈಕ್ ಹತ್ತಿ ಹೋದೆಯಲ್ಲ, ಅದು ನಮ್ಮ ಕೆಲಸದ ಅರ್ಧ. ನಮ್ಮಲ್ಲಿ ಬಹಳ ಜನ ಆ ಅರ್ಧವನ್ನು ಮಾಡಲೇ ಇಲ್ಲ. ನಾನೂ ಮಾಡಲಿಲ್ಲ. ಮಾಡಬೇಕಿತ್ತು ಎಂದು ಈಗ ಅನಿಸುತ್ತದೆ.

ಪಿಕ್ಸೆಲ್ ಹುಡುಗಿ

ದೊಡ್ಡವರ ಮಧ್ಯೆ ಮಾತಾಡುತ್ತಿದ್ದೇನೆ, ತಪ್ಪಾದರೆ ತಿದ್ದಿ. ನಾನು ಬೆಂಗಳೂರಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದೇನೆ. ನಮ್ಮ ಕ್ಲಾಸಿನಲ್ಲಿ ಹೆಚ್ಚಿನವರು ಫೋಟೊ ನೋಡುವುದು ಫೋನಿನಲ್ಲೇ.

ತಕ್ಷಣ ತಟ್ಟುವ ಚಿತ್ರವನ್ನು ಕಡಿಮೆ ಮಾಡಿ ಮಾತಾಡುವುದು ನನಗೆ ಒಪ್ಪಿಗೆ ಇಲ್ಲ. 2015ರ ಸೆಪ್ಟೆಂಬರಿನಲ್ಲಿ ದೋಣಿ ಮುಳುಗಿ ಸತ್ತು ಟರ್ಕಿಯ ಕಡಲ ದಡದಲ್ಲಿ ಬಿದ್ದಿದ್ದ ಸಿರಿಯಾದ ಪುಟ್ಟ ಅಲಾನ್ ಕುರ್ದಿಯ ಫೋಟೊ ಎಲ್ಲರಿಗೂ ಗೊತ್ತು. ನಿಲ್ಯುಫರ್ ದೆಮಿರ್ ತೆಗೆದದ್ದು. ಸಿರಿಯಾದ ಯುದ್ಧ ಆಗ ಐದನೇ ವರ್ಷದಲ್ಲಿತ್ತು. ಲಕ್ಷಗಟ್ಟಲೆ ಜನ ಸತ್ತಿದ್ದರು. ಅಂಕಿಸಂಖ್ಯೆ ದಿನಾ ಬರುತ್ತಿತ್ತು. ಯಾರೂ ಅಲ್ಲಾಡಲಿಲ್ಲ. ಈ ಒಂದು ಚಿತ್ರ ಬಂದ ವಾರ ಸ್ವೀಡನ್ನಿನ ರೆಡ್ ಕ್ರಾಸ್‌ಗೆ ದಿನಕ್ಕೆ ಬರುತ್ತಿದ್ದ ದೇಣಿಗೆಗಳ ಸಂಖ್ಯೆ ಹಿಂದಿನ ವಾರಕ್ಕಿಂತ ನೂರು ಪಟ್ಟು ಜಾಸ್ತಿಯಾಯಿತು. ಇದನ್ನು ಅಧ್ಯಯನ ಮಾಡಿದ್ದಾರೆ. ನಮ್ಮ ಪಾಠದಲ್ಲೂ ಇತ್ತು.

ಪುಟ ಕಟ್ಟುವವ

ಆ ಅಧ್ಯಯನದ ಮುಂದಿನ ಭಾಗವನ್ನೂ ಹೇಳಮ್ಮ. ಸುಮಾರು ಆರು ವಾರದಲ್ಲಿ ದೇಣಿಗೆ ಮೊದಲಿನ ಮಟ್ಟಕ್ಕೆ ಇಳಿದಿತ್ತು ಅಲ್ವಾ?

ಪಿಕ್ಸೆಲ್ ಹುಡುಗಿ

ಹೌದು ಸರ್, ಇಳಿಯಿತು. ಆದರೆ ಅದರಲ್ಲೇ ಇನ್ನೊಂದು ಸಂಗತಿಯೂ ಇದೆ. ಪ್ರತಿ ತಿಂಗಳು ಕೊಡುತ್ತೇವೆ ಎಂದು ಆ ವಾರ ಹೆಸರು ಬರೆಸಿದವರಲ್ಲಿ ಹೆಚ್ಚುಕಡಿಮೆ ಯಾರೂ ಮುಂದಿನ ತಿಂಗಳುಗಳಲ್ಲಿ ಬಿಡಲಿಲ್ಲ. ಚಿತ್ರ ನೋಡಿ ಅತ್ತವರೆಲ್ಲ ಮರೆತುಬಿಡುತ್ತಾರೆ ಎನ್ನುವುದು ಪೂರ್ತಿ ನಿಜ ಅಲ್ಲ. ಅತ್ತ ಹೊತ್ತಿನಲ್ಲೇ ಕೈಗೆ ಏನಾದರೂ ಕೆಲಸ ಸಿಕ್ಕರೆ ಜನ ಉಳಿಯುತ್ತಾರೆ. ಅದಕ್ಕೇ ನನಗೆ ಅನಿಸುತ್ತದೆ, ಮಲಪ್ರಭೆ ಅಣ್ಣನ ಮೊದಲನೇ ಫೋಟೊ ಬಾಗಿಲು ತೆರೆದಿತ್ತು. ಆ ಬಾಗಿಲಿನಲ್ಲಿ ಬಂದವರಿಗೆ ಡಿಸೆಂಬರಿನ ಹನ್ನೊಂದು ಫೋಟೊ ತೋರಿಸುವವರು ಇರಲಿಲ್ಲ.

ಇನ್ನೊಂದು ಮಾತು. ಫೋನಿನಲ್ಲಿ ಯಾರೂ ಎರಡನೇ ಚಿತ್ರಕ್ಕೆ ಹೋಗುವುದಿಲ್ಲ ಎನ್ನುತ್ತಾರೆ. ಹೋಗುತ್ತಾರೆ. ಕೆ.ಆರ್. ಮಾರುಕಟ್ಟೆಯಲ್ಲಿ ಬೆಳಗಿನ ಜಾವ ಹೂ ಕಟ್ಟುವ ಹೆಂಗಸರ ಒಂಬತ್ತು ಚಿತ್ರ ಹಾಕಿದ್ದೆ. ಪ್ರತಿ ಚಿತ್ರದ ಕೆಳಗೆ ನಾಲ್ಕು ಸಾಲು ಕನ್ನಡದಲ್ಲಿ ಬರೆದೆ. ಕೊನೇ ಚಿತ್ರದಲ್ಲಿದ್ದ ಹೆಂಗಸಿನ ಮೊಣಕಾಲು ನೋವಿನ ಬಗ್ಗೆ ಮೂರು ಜನ ಕೇಳಿದರು. ಅಂದರೆ ಕೊನೇವರೆಗೂ ಓದಿದ್ದಾರೆ.

ಗಡಿನಾಡ ಗೇರು

ನಾನು ಫೋಟೊಗ್ರಾಫರ್ ಅಲ್ಲ. ಕೃಷಿಕ. ಕಾಸರಗೋಡಿಗೆ ತಾಗಿದ ಊರು. ನಿಮ್ಮ ಮಾತು ಓದುತ್ತಾ ನಮ್ಮ ಕಡೆಯ ಒಂದು ವಿಷಯ ಹೇಳಲೇಬೇಕು ಅನಿಸಿತು.

ನೆರೆಗೆ ಒಂದು ದಿನ ಇದೆ. ಭೋಪಾಲಕ್ಕೆ ಒಂದು ರಾತ್ರಿ ಇದೆ. ನಮ್ಮ ಕಡೆಯ ಎಂಡೋಸಲ್ಫಾನ್ ಕೀಟನಾಶಕಕ್ಕೆ ಅಂಥ ದಿನ ಇಲ್ಲ. ಎಪ್ಪತ್ತರ ದಶಕದ ನಡುವಿನಿಂದ 2000ದವರೆಗೆ ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದರು. ಬಾವಿಗೆ ಬಿತ್ತು, ಹುಲ್ಲಿಗೆ ಬಿತ್ತು. ಯಾರೂ ಆ ದಿನ ಸಾಯಲಿಲ್ಲ. ಮೊದಲು ಜೇನು ಹೋಯಿತು. ಕರುಗಳು ಸೊಟ್ಟ ಕಾಲಿನಲ್ಲಿ ಹುಟ್ಟಿದವು. ಆಮೇಲೆ ಮಕ್ಕಳು. ನಮ್ಮ ಕನ್ನಡದ ಕೃಷಿ ಪತ್ರಕರ್ತ ಶ್ರೀ ಪಡ್ರೆ ಇದನ್ನು ಬಹಳ ಮೊದಲೇ ಗಮನಿಸಿ ಬರೆದವರು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯೂ ಇದೇ ಕಥೆ. ದೇಶದಲ್ಲಿ ಅದರ ಬಳಕೆಯನ್ನೇ ಸುಪ್ರೀಂ ಕೋರ್ಟ್ ನಿಲ್ಲಿಸಿದ್ದು 2011ರಲ್ಲಿ.

ಇಂಥ ವಿಷಕ್ಕೆ ಯಾವ ಕ್ಷಣದ ಫೋಟೊ ತೆಗೆಯುತ್ತೀರಿ? ಮಲಯಾಳದ 'ಮಾತೃಭೂಮಿ'ಯ ಮಧುರಾಜ್ ಅವರು ಆ ಮನೆಗಳಿಗೆ ಹೋಗಿ ತೆಗೆದ ಚಿತ್ರಗಳಿಂದಲೇ ಹೊರಗಿನ ಜನಕ್ಕೆ ಇದು ಮುಟ್ಟಿತು. ಆ ಚಿತ್ರಗಳ ಋಣ ನಮ್ಮ ಮೇಲೆ ಇದೆ.

ಆಮೇಲೆ ಏನಾಯಿತು ಅಂದರೆ, ಬಂದವರೆಲ್ಲ ಅದೇ ಚಿತ್ರ ಕೇಳತೊಡಗಿದರು. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಇಬ್ಬರು ಮಕ್ಕಳು. ಒಬ್ಬನಿಗೆ ತಲೆ ದೊಡ್ಡದು. ಇನ್ನೊಬ್ಬಳು ನೋಡಲು ಸರಿಯಾಗಿದ್ದಾಳೆ, ಆದರೆ ರಾತ್ರಿಯಿಡೀ ಫಿಟ್ಸ್ ಬರುತ್ತದೆ. ಕ್ಯಾಮೆರಾ ತಂದವರೆಲ್ಲ ಮಗನನ್ನೇ ಹೊರಗೆ ತರಲು ಹೇಳುತ್ತಿದ್ದರು. ಮಗಳ ಕಷ್ಟ ಫೋಟೊದಲ್ಲಿ ಕಾಣುವುದಿಲ್ಲ. ಅವರ ಅಮ್ಮ ಒಂದು ದಿನ ನನ್ನ ಹತ್ತಿರ ಹೇಳಿದರು, "ಇವಳ ಫೋಟೊ ಯಾರಿಗೂ ಬೇಡ ಅಣ್ಣಾ." ಅದನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಡಾರ್ಕ್ ರೂಮ್ ದಿನಗಳು

ಗೇರು ಅಣ್ಣ, ನಿಮ್ಮ ಮಾತಿಗೆ ಜಪಾನಿನ ಮಿನಮಾಟ ನೆನಪಾಯಿತು. ಅಲ್ಲಿಯೂ ಹೀಗೇ, ಚಿಸ್ಸೊ ಕಾರ್ಖಾನೆ ಸಮುದ್ರಕ್ಕೆ ಪಾದರಸ ಬಿಟ್ಟಿತ್ತು. ಮೀನು ತಿಂದವರ ಮಕ್ಕಳು ಕೈಕಾಲು ತಿರುಚಿಕೊಂಡು ಹುಟ್ಟಿದರು. ಅಮೆರಿಕದ ಫೋಟೊಗ್ರಾಫರ್ ಯೂಜೀನ್ ಸ್ಮಿತ್ ಮತ್ತು ಅವರ ಹೆಂಡತಿ ಐಲೀನ್ 1971ರಲ್ಲಿ ಅಲ್ಲಿಗೆ ಹೋಗಿ ಮನೆ ಹಿಡಿದು ಮೂರು ವರ್ಷ ಇದ್ದರು. ಊರವರ ಜೊತೆ ಉಂಡು, ಅವರ ಹೋರಾಟದಲ್ಲಿ ನಡೆದು ಫೋಟೊ ತೆಗೆದರು. 1972ರ ಜನವರಿಯಲ್ಲಿ ಕಂಪನಿ ಕಡೆಯವರು ಸ್ಮಿತ್‌ಗೆ ಹೊಡೆದರು. ಕಣ್ಣಿಗೆ ಪೆಟ್ಟಾಯಿತು. ಆದರೂ ಬಿಡಲಿಲ್ಲ.

ಅಷ್ಟೂ ಕೆಲಸದಲ್ಲಿ ಜಗತ್ತಿಗೆ ನೆನಪಿರುವುದು ಒಂದೇ ಚಿತ್ರ. ತಾಯಿಯೊಬ್ಬಳು ಮಗಳನ್ನು ತೊಟ್ಟಿಯಲ್ಲಿ ಸ್ನಾನ ಮಾಡಿಸುತ್ತಿರುವುದು. ಅದರ ಒಳಗೆ ಆ ಮನೆಯವರ ಜೊತೆಗಿನ ಒಡನಾಟ ಇದೆ. ಅಪರಿಚಿತನನ್ನು ಯಾರೂ ಬಚ್ಚಲಮನೆಗೆ ಬಿಡುವುದಿಲ್ಲ. ಆಳ ಮತ್ತು ತಕ್ಷಣದ ಪೆಟ್ಟು ಬೇರೆ ಬೇರೆ ಎಂದು ನಾವು ಇಲ್ಲಿ ವಾದ ಮಾಡುತ್ತಿದ್ದೇವೆ. ಅಲ್ಲಿ ಎರಡೂ ಒಂದೇ ಚೌಕಟ್ಟಿನಲ್ಲಿ ಸೇರಿವೆ.

ಆದರೆ ನೋಡಿ, ಮಗಳು ತೀರಿಕೊಂಡ ಮೇಲೂ ಆ ಚಿತ್ರ ಎಲ್ಲೆಲ್ಲೂ ಬರುತ್ತಲೇ ಇತ್ತು. ತಂದೆ ತಾಯಿಗೆ ಅದು ಸಾಕಾಯಿತು. ತೊಂಬತ್ತರ ದಶಕದ ಕೊನೆಯಲ್ಲಿ ಅವರ ಮನಸ್ಸು ತಿಳಿದ ಐಲೀನ್, ಇನ್ನು ಅದನ್ನು ಅಚ್ಚು ಮಾಡಲು ಕೊಡುವುದಿಲ್ಲ ಎಂದರು. ಅಷ್ಟು ಹೆಸರು ತಂದ ಚಿತ್ರವನ್ನು ಹಾಗೆ ಒಳಗಿಡಲು ದೊಡ್ಡ ಮನಸ್ಸು ಬೇಕು. ಫೋಟೊ ತೆಗೆದವರಿಗಿಂತ ಫೋಟೊದಲ್ಲಿ ಇರುವವರಿಗೆ ಅದು ಹೆಚ್ಚು ಸೇರಿದ್ದು ಎಂದು ನನಗೆ ಮನವರಿಕೆಯಾದದ್ದು ಅದರಿಂದ.

ಮಕ್ಕಂದೂರು ಕಡೆಯವಳು

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಸರ್ ಹೇಳಿದ ಕೊನೇ ಮಾತು ಓದಿ ಬರೆಯುತ್ತಿದ್ದೇನೆ.

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಜಾರಿತಲ್ಲ, ನಮ್ಮ ತೋಟವೂ ಹೋಯಿತು. ಮನೆ ಅರ್ಧ ಉಳಿಯಿತು. ನಾವು ಮಡಿಕೇರಿಯ ಒಂದು ಪರಿಹಾರ ಕೇಂದ್ರದಲ್ಲಿ ಹತ್ತೊಂಬತ್ತು ದಿನ ಇದ್ದೆವು. ಅಲ್ಲಿ ಯಾರೋ ನನ್ನ ಅಮ್ಮನ ಫೋಟೊ ತೆಗೆದರು. ಸೀರೆ ಸೆರಗು ಕಣ್ಣಿಗೆ ಒತ್ತಿಕೊಂಡ ಚಿತ್ರ. ಕೆಳಗೆ "ಎಲ್ಲ ಕಳೆದುಕೊಂಡು ಕಣ್ಣೀರಿಡುತ್ತಿರುವ ಮಹಿಳೆ" ಎಂದು ಇತ್ತು.

ಅಮ್ಮ ಆಗ ಅಳುತ್ತಿರಲಿಲ್ಲ. ಹೊರಗೆ ಹಸಿ ಸೌದೆಯಲ್ಲಿ ನೂರೈವತ್ತು ಜನಕ್ಕೆ ಅನ್ನ ಬೇಯುತ್ತಿತ್ತು. ಅಮ್ಮ ಅಡುಗೆಗೆ ನಿಂತಿದ್ದರು. ಕಣ್ಣಿಗೆ ಹೊಗೆ ಹೋಗಿತ್ತು. ಆ ಹತ್ತೊಂಬತ್ತು ದಿನ ಅಮ್ಮ ದಿನಾ ಅಡುಗೆ ಮಾಡಿದರು. ಅತ್ತದ್ದು ರಾತ್ರಿ, ದೀಪ ಆರಿದ ಮೇಲೆ, ಸದ್ದಿಲ್ಲದೆ. ಅದೂ ಮನೆಗಾಗಿ ಅಲ್ಲ. ತೋಟದ ಕೆಳಗೆ ನಮ್ಮ ಅಜ್ಜಿ ಕಟ್ಟಿಸಿದ ಒಂದು ಬಾವಿ ಇತ್ತು. ಅದು ಯಾವ ಜಾಗದಲ್ಲಿತ್ತು ಎಂದೂ ಗೊತ್ತಾಗದ ಹಾಗೆ ಮಣ್ಣು ಬಂದಿತ್ತು.

ಪ್ರತಿ ವರ್ಷ ಮಳೆ ಜೋರಾದರೆ ಯಾರಾದರೂ ಆ ಫೋಟೊ ಮತ್ತೆ ಹಾಕುತ್ತಾರೆ. ಒಂದು ಸಲ ಬೇರೆ ಜಿಲ್ಲೆಯ ಮಳೆ ಸುದ್ದಿಗೂ ಹಾಕಿದ್ದರು. ಅಮ್ಮ ಏನೂ ಹೇಳುವುದಿಲ್ಲ. ಫೋನ್ ಬೋರಲು ಇಡುತ್ತಾರೆ.

ಫೋಟೊ ತೆಗೆದವರು ಕೆಟ್ಟವರು ಎಂದು ನಾನು ಹೇಳುವುದಿಲ್ಲ. ಆ ಫೋಟೊಗಳಿಂದಲೇ ನಮಗೆ ಅಕ್ಕಿ, ಕಂಬಳಿ ಬಂದದ್ದು. ಆದರೆ ಅವರು ಒಂದೇ ಒಂದು ಸಲ "ಅಮ್ಮಾ, ಏನಾಯಿತು?" ಎಂದು ಕೇಳಿದ್ದರೆ ಎಂಥ ಚಿತ್ರ ಸಿಗುತ್ತಿತ್ತು! ಎಲ್ಲ ಕಳೆದುಕೊಂಡವರು ನೂರೈವತ್ತು ಜನಕ್ಕೆ ಅನ್ನ ಬಸಿಯುತ್ತಿರುವ ಚಿತ್ರ. ಅಮ್ಮನನ್ನು ಜನ ಹಾಗೆ ನೋಡಬೇಕಿತ್ತು.

ಪುಟ ಕಟ್ಟುವವ

ತಂಗೀ, ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಆ ಅಡಿಬರಹ ನಾನು ಬರೆದದ್ದಲ್ಲದಿರಬಹುದು. ಆದರೆ ಅಂಥವನ್ನು ನೂರಾರು ಬರೆದಿದ್ದೇನೆ. ಫೋಟೊ ಜೊತೆ ಬರುವುದು ಊರಿನ ಹೆಸರು ಮಾತ್ರ. ಉಳಿದದ್ದನ್ನು ನಾವು ಮುಖ ನೋಡಿ ಊಹಿಸುತ್ತೇವೆ. "ರೋದಿಸುತ್ತಿರುವ", "ಕಂಗಾಲಾದ", "ದಿಕ್ಕು ತೋಚದೆ". ಈ ಪದಗಳು ಬೆರಳ ತುದಿಯಲ್ಲೇ ಇರುತ್ತವೆ. ನೀವು ಬರೆದದ್ದನ್ನು ಓದಿದ ಮೇಲೆ ಇವತ್ತು ಮಧ್ಯಾಹ್ನ ಊಟ ಇಳಿಯಲಿಲ್ಲ.

ಆಳ ಎಂದರೆ ಹತ್ತು ಫೋಟೊ ಎಂದೇ ನಾನು ತಿಳಿದಿದ್ದೆ. ಹತ್ತು ಫೋಟೊಗೆ ಜಾಗ ಇಲ್ಲ, ಹಾಗಾಗಿ ಆಳ ಆಗದು ಎಂದು ವಾದ ಮಾಡುತ್ತಿದ್ದೆ. ಒಂದೇ ಫೋಟೊದ ಕೆಳಗೆ ಎರಡು ಸಾಲು ಸರಿಯಾಗಿ ಬರೆಯಲು ಜಾಗ ಯಾವತ್ತೂ ಇತ್ತು.

ಡಾರ್ಕ್ ರೂಮ್ ದಿನಗಳು

ಎರಡು ಸಾಲಿನ ಬೆಲೆ ಎಷ್ಟು ಅನ್ನುವುದಕ್ಕೆ ಒಂದು ಉದಾಹರಣೆ. 1993ರ ಮಾರ್ಚಿನಲ್ಲಿ ಸುಡಾನ್‌ನ ಅಯೋದ್ ಎಂಬಲ್ಲಿ ಕೆವಿನ್ ಕಾರ್ಟರ್ ತೆಗೆದ ಫೋಟೊ. ಹಸಿದ ಮಗು ನೆಲಕ್ಕೆ ಬಾಗಿದೆ, ಹಿಂದೆ ರಣಹದ್ದು ಕೂತಿದೆ. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದ ಕೂಡಲೇ ಜನ ಪತ್ರ ಬರೆದು, ಫೋನ್ ಮಾಡಿ ಕೇಳಿದರು, ಮಗುವಿಗೆ ಏನಾಯಿತು? ಪತ್ರಿಕೆಯ ಹತ್ತಿರ ಉತ್ತರ ಇರಲಿಲ್ಲ. 1994ರಲ್ಲಿ ಆ ಫೋಟೊಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಅದೇ ಜುಲೈನಲ್ಲಿ ಕಾರ್ಟರ್ ತೀರಿಕೊಂಡರು. ಆಗ ಅವರಿಗೆ 33 ವರ್ಷ.

ಸ್ಪೇನಿನ ಒಂದು ಪತ್ರಿಕೆಯವರು 2011ರಲ್ಲಿ ಆ ಊರಿಗೆ ಹೋದರು. ಫೋಟೊವನ್ನು ಚೆನ್ನಾಗಿ ನೋಡಿದರೆ ಮಗುವಿನ ಬಲಗೈಯಲ್ಲಿ ಒಂದು ಪ್ಲಾಸ್ಟಿಕ್ ಪಟ್ಟಿ ಇದೆ. ಆಹಾರ ಕೇಂದ್ರದಲ್ಲಿ ಹೆಸರು ಬರೆಸಿದ ಮಕ್ಕಳಿಗೆ ಕಟ್ಟುವ ಪಟ್ಟಿ. ಅಂದರೆ ಮಗು ಒಂಟಿಯಾಗಿ ಬಿದ್ದಿರಲಿಲ್ಲ. ಅನ್ನ ಕೊಡುವವರ ಹತ್ತಿರವೇ ಇತ್ತು. ಹುಡುಗಿ ಎಂದು ಎಲ್ಲರೂ ತಿಳಿದದ್ದು ಹುಡುಗ. ಆ ಬರದಲ್ಲಿ ಅವನು ಸಾಯಲಿಲ್ಲ. ದೊಡ್ಡವನಾಗಿ ಹಲವು ವರ್ಷದ ಮೇಲೆ ಜ್ವರದಿಂದ ತೀರಿಕೊಂಡ ಎಂದು ತಂದೆ ಹೇಳಿದರು.

ಪಟ್ಟಿ ಮೊದಲ ದಿನದಿಂದಲೂ ಫೋಟೊದಲ್ಲೇ ಇತ್ತು. ಹದ್ದು ನಮ್ಮ ಕಣ್ಣನ್ನು ಎಳೆದುಕೊಂಡಿತು. ಕೈಯನ್ನು ಯಾರೂ ನೋಡಲಿಲ್ಲ. ಕೆಳಗೆ ಆ ಪಟ್ಟಿ ಏನು ಎಂದು ಒಂದು ಸಾಲು ಇದ್ದಿದ್ದರೆ ಎಷ್ಟು ಜನರ ಎಷ್ಟು ಸಂಕಟ ತಪ್ಪುತ್ತಿತ್ತು! ಕಾರ್ಟರ್ ಅವರದ್ದೂ ಸೇರಿ.

ಗಡಿನಾಡ ಗೇರು

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಧನ್ಯವಾದ ಸರ್.

ಪಿಕ್ಸೆಲ್ ಹುಡುಗಿ

ಒಂದು ಸಲಹೆ. ಮಲಪ್ರಭೆ ಅಣ್ಣ, ಆ ಹನ್ನೊಂದು ಫೋಟೊ ಇನ್ನೂ ಇವೆಯಾ? ವರ್ಲ್ಡ್ ಪ್ರೆಸ್ ಫೋಟೊದಲ್ಲೇ ಈಗ ಬಿಡಿ ಚಿತ್ರ, 4ರಿಂದ 10 ಚಿತ್ರದ ಕಥೆ, 24ರಿಂದ 30 ಚಿತ್ರದ ದೀರ್ಘ ಕೆಲಸ ಎಂದು ಬೇರೆ ಬೇರೆ ವಿಭಾಗ ಮಾಡಿದ್ದಾರೆ. ಹಳ್ಳಿ ಜನರ ಬದುಕಿನ ಬಗ್ಗೆ ಪಿ. ಸಾಯಿನಾಥ್ ಶುರುಮಾಡಿದ 'ಪರಿ' ಜಾಲತಾಣದಲ್ಲಿ ಇಂಥ ಚಿತ್ರಕಥೆಗಳೇ ಬರುತ್ತವೆ, ಕನ್ನಡದಲ್ಲೂ ಓದಬಹುದು. ಜಾಗ ಇಲ್ಲ ಎನ್ನುವ ಕಾಲ ಅಲ್ಲ ಇದು. ಜೋಡಿಸಲು, ಅಡಿಬರಹ ತಿದ್ದಲು ನಾನು ಕೂರುತ್ತೇನೆ.

ಮಲಪ್ರಭೆ ದಡ

ಇವೆಯಮ್ಮ. ಹಾರ್ಡ್ ಡಿಸ್ಕಿನಲ್ಲಿ ಇವೆ. ನಿನ್ನೆ ರಾತ್ರಿ ಮತ್ತೆ ತೆಗೆದು ನೋಡಿದೆ. ಏನೇನು ಇವೆ ಎಂದು ಹೇಳುತ್ತೇನೆ. ತಂತಿಯಲ್ಲಿ ಕಟ್ಟಿದ ಗಡಿಯಾರ. ಬಿದ್ದ ಮನೆಯ ಗೋಡೆಯಲ್ಲಿ ಗಡಿಯಾರ ಇದ್ದ ಜಾಗದ ಮೊಳೆ. ನೀರು ನಿಂತ ಗುರುತು, ಅದರ ಸ್ವಲ್ಪ ಕೆಳಗೆ ಮಾಸಿದ ಇನ್ನೊಂದು ಗುರುತು, ಅದು 2009ರದ್ದಂತೆ. ಎಮ್ಮೆ ತೊಳೆಯುತ್ತಿರುವ ಅಜ್ಜಿ. ಗೋವಾದ ಮಗನ ಜೊತೆ ಫೋನಿನಲ್ಲಿ ಮಾತಾಡುತ್ತಿರುವ ಅಜ್ಜಿ, ಫೋನ್ ಪಕ್ಕದ ಮನೆ ಹುಡುಗನದ್ದು. ಒಲೆ. ಕೊಚ್ಚಿಹೋದ ಹೊಲದಲ್ಲಿ ನಿಂತ ಮರಳು. ಉಳಿದವು ಶೆಡ್ಡಿನ ಚಿತ್ರಗಳು.

ಮಕ್ಕಂದೂರು ಅಕ್ಕನ ಮಾತು ಓದಿದ ಮೇಲೆ ಒಂದು ಅಳುಕು ಶುರುವಾಗಿದೆ. ಟ್ರೇಲರಿನ ಫೋಟೊ ಅಷ್ಟು ಕಡೆ ಹೋಯಿತು. ಅದನ್ನು ನಾನು ಅಜ್ಜಿಗೆ ತೋರಿಸಲೇ ಇಲ್ಲ.

ಮಕ್ಕಂದೂರು ಕಡೆಯವಳು

ತೋರಿಸಿ ಅಣ್ಣ. ಫೋನಿನಲ್ಲಿ ಬೇಡ. ಪ್ರಿಂಟ್ ತೆಗೆದುಕೊಂಡು ಹೋಗಿ.

ಪುಟ ಕಟ್ಟುವವ

ಜೋಡಣೆಗೆ ನನ್ನ ಅಭ್ಯಾಸದ ಒಂದು ಮಾತು. ಹನ್ನೊಂದರಲ್ಲಿ ಐದು ಸಾಕು, ಟ್ರೇಲರಿನದ್ದು ಸೇರಿ ಆರು. ಗಡಿಯಾರದ ಚಿತ್ರವನ್ನು ಮೊದಲು ಹಾಕಬೇಡಿ. ಮೊದಲು ಟ್ರೇಲರಿನ ಫೋಟೊ ಬರಲಿ. ಜನ ನಿಲ್ಲುವುದು ಅಲ್ಲೇ. ಎರಡನೆಯದು ನೀರಿನ ಎರಡು ಗುರುತು ಇರುವ ಗೋಡೆ. ಅಲ್ಲಿ ನಿಮ್ಮ ಅಡಿಬರಹ ಉದ್ದ ಇರಲಿ, 2009ರ ವಿಷಯ ಅಲ್ಲೇ ಹೇಳಿ. ಮೊಳೆ ಮೂರನೆಯದು. ಎಮ್ಮೆ, ಫೋನ್. ಕೊನೆಗೆ ತಗಡಿನ ಮೇಲಿನ ಗಡಿಯಾರ. ಶೆಡ್ಡಿನ ಉಳಿದ ಚಿತ್ರಗಳು ಒಂದನ್ನೊಂದು ಹೋಲುತ್ತಿದ್ದರೆ ಬಿಟ್ಟುಬಿಡಿ, ಕರುಳು ಚುರ್ ಅಂದರೂ ಬಿಡಿ.

ಡಾರ್ಕ್ ರೂಮ್ ದಿನಗಳು

ಒಲೆಯ ಚಿತ್ರವನ್ನು ಮಾತ್ರ ಬಿಡಬೇಡ ತಮ್ಮಾ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರ ಕೆಲಸ ನೋಡಿದರೆ ಯಾಕೆ ಎಂದು ಗೊತ್ತಾಗುತ್ತದೆ. ಗಲಾಟೆ, ರಕ್ತ ಇಲ್ಲದ ಚಿತ್ರಗಳು. ಮಕ್ಕಳು, ದುಡಿಯುವವರು, ಸಂತೆ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲೇ ನಡೆಯಿತು. ಒಲೆಗೂ ಒಂದು ಮರ್ಯಾದೆ ಇದೆ.

ಮಲಪ್ರಭೆ ದಡ

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಭಾನುವಾರ ಹೋಗಿದ್ದೆ. ಅಜ್ಜಿ ಈಗ ಮಗ್ಗುಲ ಊರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಕಣ್ಣು ಮಂಜಾಗಿದೆ. ಟ್ರೇಲರಿನ ಫೋಟೊವನ್ನು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ಅವತ್ತ ನನಗ ಬಾಳ ಅಂಜಿಕಿ ಆಗಿತ್ತು" ಅಂದರು, ಅಷ್ಟೇ. ಎಲ್ಲ ಕಡೆ ಹೋಗಿದೆ ಅಜ್ಜಿ, ಬೇಡ ಅಂದರೆ ಇನ್ನು ಮುಂದೆ ಎಲ್ಲೂ ಹಾಕುವುದಿಲ್ಲ ಎಂದೆ. ಮಗಳು ಮತ್ತು ಅಜ್ಜಿ ಒಳಗೆ ಹೋಗಿ ಮಾತಾಡಿಕೊಂಡು ಬಂದರು. ಹಾಕು, ಆದರೆ ಹೆಸರು ಬೇಡ, ಎಮ್ಮೆಯ ಫೋಟೊ ಜೊತೆಗೇ ಇರಬೇಕು ಅಂದರು. ಆ ಎಮ್ಮೆ ಹೋದ ವರ್ಷ ಸತ್ತಿದೆ.

ಪುಟ ಕಟ್ಟುವ ಸರ್ ಹೇಳಿದ ಕ್ರಮದಲ್ಲೇ ಜೋಡಿಸುತ್ತಿದ್ದೇನೆ. ಒಲೆ ಸೇರಿ ಏಳು ಚಿತ್ರ. ಅಡಿಬರಹ ಬರೆದು ಪಿಕ್ಸೆಲ್ ತಂಗಿಗೆ ಕಳಿಸುತ್ತೇನೆ. ಅದಕ್ಕೂ ಮೊದಲು ಮಗಳಿಗೆ ಫೋನಿನಲ್ಲಿ ಓದಿ ಹೇಳುವುದು ಎಂದು ಮಾತಾಗಿದೆ.

ಅಜ್ಜಿಗೆ ಎಮ್ಮೆಯ ಫೋಟೊ ದೊಡ್ಡದಾಗಿ ಬೇಕಂತೆ, ಗೋಡೆಗೆ ಹಾಕಲು. ಕಣ್ಣು ಮಂಜಾದವರಿಗೆ ಹೊಳೆಯುವ ಪೇಪರಿಗಿಂತ ಮ್ಯಾಟ್ ಪೇಪರ್ ಒಳ್ಳೆಯದಾ? ಬಾಗಲಕೋಟೆಯಲ್ಲೋ ಹುಬ್ಬಳ್ಳಿಯಲ್ಲೋ 12 ಇಂಚು, 18 ಇಂಚು ಅಳತೆಗೆ ಚೆನ್ನಾಗಿ ತೆಗೆದುಕೊಡುವ ಲ್ಯಾಬ್ ಯಾರಿಗಾದರೂ ಗೊತ್ತಿದ್ದರೆ ಹೇಳಿ.